ಉತ್ತರ ಕೊಡದೆ ಓಡಿದವನು

ದೀಪ ಸ್ವಲ್ಪ ಸಣ್ಣದು ಮಾಡಿ. ನಗುವವರಿದ್ದರೆ ಈಗಲೇ ನಕ್ಕು ಮುಗಿಸಿ... ಆಮೇಲೆ ನಗು ಬರುವುದಿಲ್ಲ.

ನಮ್ಮ ಫಾನೂಸ್ ಗೊತ್ತಲ್ಲ, ನನ್ನ ದೊಡ್ಡಪ್ಪನ ಹಿರೀ ಮಗ, ಇಗರ್ಜಿಯಲ್ಲಿ ಹಾಡುವವನು? ಇದು ನಡೆದದ್ದು ಅವನಿಗೆ. ಹೋದ ವರ್ಷ, ಈಸ್ಟರ್ ರಾತ್ರಿ.

ಪೂಜೆ ಮುಗಿದಿತ್ತು. ಹಬ್ಬದ ಮುಂಚಿನ ಉಪವಾಸಕ್ಕೆ ಎರಡು ತಿಂಗಳ ಹತ್ತಿರ ಬರೀ ಕಾಳು ಸೊಪ್ಪು ತಿಂದ ಜನ, ಮಾಂಸದ ಸಾರಿನ ಆಸೆಗೆ ಮನೆ ಕಡೆ ಓಡಿದ್ದರು. ಫಾನೂಸನ ಹೆಂಡತಿ ಇರೀನಿಯೂ ಒಲೆ ಹಚ್ಚಲು ಮಕ್ಕಳೊಂದಿಗೆ ಮುಂದೆ ಹೋಗಿದ್ದಳು. ಇವನು ಹಾಡುಗಾರರ ಬಿಳಿ ಅಂಗಿಗಳನ್ನು ಮಡಚಿಟ್ಟು, ಬೀಗ ಹಾಕಿ, ನೈಲ್ ನದಿಯಿಂದ ಬರುವ ಕಾಲುವೆಯ ದಂಡೆ ಹಿಡಿದು ಒಬ್ಬನೇ ಹೊರಟ. ಗುನುಗುತ್ತಾ ಹೊರಟ. ಅವತ್ತು ಅವನ ಕಾಲು ನೆಲದ ಮೇಲಿರಲಿಲ್ಲ.

ಯಾಕೆ ಅಂದರೆ, ಆ ರಾತ್ರಿ ಬಾಗಿಲ ಹಾಡು ಅವನದಾಗಿತ್ತು. ಹಬ್ಬದ ನಡುರಾತ್ರಿ ನಾವು ಇಗರ್ಜಿಯ ದೀಪಗಳನ್ನೆಲ್ಲ ಆರಿಸುತ್ತೇವೆ. ಅಬೂನಾ, ಅಂದರೆ ನಮ್ಮ ಪಾದ್ರಿ, ಪೀಠದ ಬಾಗಿಲು ಮುಚ್ಚಿಕೊಂಡು ಒಳಗೆ ನಿಲ್ಲುತ್ತಾರೆ. ಹೊರಗೆ ಕತ್ತಲಲ್ಲಿ ಒಬ್ಬ ಹಾಡುಗಾರ "ಕ್ರಿಸ್ತ ಎದ್ದ!" ಎಂದು ಕೂಗುತ್ತಾನೆ. ಒಳಗಿನಿಂದ "ನಿಜವಾಗಿಯೂ ಎದ್ದ!" ಎಂದು ಉತ್ತರ. ಬಾಗಿಲು ತೆರೆಯುತ್ತದೆ, ದೀಪಗಳೆಲ್ಲ ಒಟ್ಟಿಗೆ ಹತ್ತುತ್ತವೆ, ಹೆಂಗಸರು ಉಲುಲುಲು ಎಂದು ಕೂಗು ಹಾಕುತ್ತಾರೆ. ಆ ಹೊರಗಿನ ಕೂಗು ಬಹಳ ಕಾಲ ದೊಡ್ಡಪ್ಪನದಾಗಿತ್ತು. ಅವನು ಸತ್ತ ಮೇಲೆ ಹಿರಿಯ ಮಗನಿಗೆ ಬರುತ್ತದೆ ಅಂದುಕೊಂಡಿದ್ದೆವು. ಅಬೂನಾ ಕಿರಿಯವನಿಗೆ ಕೊಟ್ಟರು, ವಹೀಬನಿಗೆ. ಒಂದು ಕಾಲು ಎಳೆಯುತ್ತಾ, ಕೋಲೂರಿ ನಡೆಯುವ ಹುಡುಗ, ಆದರೆ ಕಂಠ ಅಂದರೆ ಕಂಠ.

ಫಾನೂಸನಿಗೆ ಅದು ಗಂಟಲ ಮುಳ್ಳಾಯಿತು. ಅದರ ಹಿಂದಿನ ವರ್ಷದ ಈಸ್ಟರ್ ದಿನ, ಇಗರ್ಜಿಯ ಅಂಗಳದಲ್ಲಿ, ವಹೀಬ್ ಕಾಲೆಳೆದುಕೊಂಡು ಅಣ್ಣನ ಹತ್ತಿರ ಬಂದ. ಅಂಗೈಯಲ್ಲಿ ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿ ಕೆಂಪು ಮಾಡಿದ ಮೊಟ್ಟೆ. "ಅಣ್ಣಾ, ಕ್ರಿಸ್ತ ಎದ್ದ" ಅಂದ.

ಈ ಮಾತಿಗೆ ನಮ್ಮಲ್ಲಿ ಹಗೆಯವನೂ ಉತ್ತರ ಕೊಡುತ್ತಾನೆ, ತೊದಲು ಮಾತಿನ ಕೂಸೂ ಕೊಡುತ್ತದೆ. ಫಾನೂಸ್ ಮೊಟ್ಟೆ ನೋಡಿದ, ಆಕಾಶ ನೋಡಿದ. "ಥಂಡಿ ಜಾಸ್ತಿ ಇದೆ, ಮನೆಗೆ ಹೋಗು" ಅಂದುಬಿಟ್ಟ. ಊರೆಲ್ಲ ನೋಡುತ್ತಿತ್ತು. ಪಾಪ ವಹೀಬ್ ಮೊಟ್ಟೆಯನ್ನು ಜೇಬಿಗೆ ಹಾಕಿಕೊಂಡು ಹೋದ. ಆಡಿದ ಮಾತು ಹಿಂದೆ ಬರುವುದಿಲ್ಲ ಅನ್ನುತ್ತಾರೆ. ಆಡದೇ ಉಳಿದದ್ದೂ ಹಾಗೇ. ಚಳಿಗಾಲದಲ್ಲಿ ವಹೀಬನಿಗೆ ಎದೆಯಲ್ಲಿ ಕಫ ಕಟ್ಟಿತು, ಕೆಮ್ಮಿ ಕೆಮ್ಮಿ ಹೋಗಿಬಿಟ್ಟ. ಮೂರನೇ ದಿನ ಅಬೂನಾ ಬಂದು ತಟ್ಟೆಯಲ್ಲಿ ನೀರಿಟ್ಟು ಪ್ರಾರ್ಥಿಸಿ, ಮನೆಯಿಂದ ಆತ್ಮವನ್ನು ಕಳಿಸಿಕೊಟ್ಟರು. ಆಗಲೂ ಫಾನೂಸ್ ಹೊಸ್ತಿಲ ಹೊರಗೇ ನಿಂತಿದ್ದ.

ಹಾಡೇನೋ ಅವನಿಗೆ ಬಂತು. ಬಂದ ದಾರಿ ಮಾತ್ರ ಅದು.

ಸರಿ. ಕಾಲುವೆ ತಿರುಗುವಲ್ಲಿ ಅತ್ತಿ ಮರ ಇದೆ, ಅದರ ಬುಡದಲ್ಲಿ ಹಳೇ ಬಾವಿ, ಎತ್ತು ತಿರುಗಿಸುತ್ತಿದ್ದ ಮರದ ರಾಟೆ. ಆ ರಾಟೆ ತಿರುಗಿದ್ದನ್ನು ನಾನಂತೂ ಹುಡುಗನಾಗಿದ್ದಾಗ ನೋಡಿದ್ದು. ಅವತ್ತು ಗಾಳಿ ಇರಲಿಲ್ಲ. ಒಂದೆಲೆ ಅಲುಗುತ್ತಿರಲಿಲ್ಲ.

ಕಿರ್ರ್‌ರ್...

ಫಾನೂಸ್ ಗುನುಗುವುದನ್ನು ನಿಲ್ಲಿಸಿದ. ರಾಟೆಯೂ ನಿಂತಿತು. ಆಮೇಲೆ ಮರದ ಹಿಂದಿನಿಂದ... ಟಕ್. ಸರ್ರ್. ಟಕ್. ಸರ್ರ್. ಮೊದಲು ಕೋಲು, ಆಮೇಲೆ ಎಳೆದ ಕಾಲು.

"ಯಾರು?" ಅಂದ, ಪಿಸುಗುಟ್ಟಿ.

ಖೊಳ್ಳ್... ಖೊಳ್ಳ್... ಕೆಮ್ಮು.

"ಅಣ್ಣಾ..."

ಅದೇ ದನಿ. ಸ್ವಲ್ಪ ಒಣಗಿತ್ತು, ಅಷ್ಟೇ.

"ಅಣ್ಣಾ... ಕ್ರಿಸ್ತ ಎದ್ದ."

ಉತ್ತರಕ್ಕೆ ಎರಡೇ ಮಾತು ಸಾಕಿತ್ತು. ಈಗಷ್ಟೇ ಹಬ್ಬದ ಮಾತನ್ನು ಊರಿಗೆಲ್ಲ ಕೇಳುವಂತೆ ಹಾಡಿ ಬಂದವನು. ಬಾಯಿ ತೆರೆದ... ಹಾಗೇ ಮುಚ್ಚಿದ. ಮರದ ಹಿಂದಿದ್ದವನು ಕಾಯುತ್ತಿದ್ದ. ಕಾಯುವುದು ಕೇಳಿಸುತ್ತಿತ್ತಂತೆ, ಉಸಿರು ಗೊರಗೊರ ಅನ್ನುತ್ತಿತ್ತಂತೆ. ಫಾನೂಸ್ ಕಾಲುದ್ದದ ಅಂಗಿಯ ಅಂಚು ಎತ್ತಿ ಹಿಡಿದು ಓಡಿದ. ಓಡಿದ್ದಕ್ಕೆ ನಾನೇನೂ ಅನ್ನುವುದಿಲ್ಲ, ಯಾರಾದರೂ ಓಡುತ್ತಾರೆ. ಆದರೆ ಓಡುತ್ತಾ ಕೂಗಿದ, ನೋಡಿ, "ನಾನು ಫಾನೂಸ್ ಅಲ್ಲ! ನಾನು ನಿನ್ನಣ್ಣ ಅಲ್ಲ ಮಾರಾಯಾ!" ಅಂತ. ಇದನ್ನು ನನಗೆ ಹೇಳುವಾಗ ಅವನು ಮುಖ ಎತ್ತಲಿಲ್ಲ.

ಇರೀನಿ ಬಾಗಿಲಲ್ಲೇ ಹಿಡಿದಳು. "ಏನ್ರೀ, ನಾಯಿ ಅಟ್ಟಿಸ್ಕೊಂಡು ಬಂತಾ? ಒಂದು ಚಪ್ಪಲಿ ಎಲ್ಲಿ?"

"ಮೆಲ್ಲಗೆ ಮಾತಾಡೇ... ವಹೀಬ್."

ಅವಳು ಎದೆ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಏನಂದ?"

"ಹಬ್ಬದ ಮಾತು ಹೇಳ್ದ."

"ನೀವೇನಂದ್ರಿ?"

ಫಾನೂಸ್ ಬರಿಗಾಲಿನ ಮಣ್ಣು ಒರೆಸತೊಡಗಿದ. ಒಲೆ ಮೇಲೆ ಸಾರು ಕೊತಕೊತ ಕುದಿಯುತ್ತಿತ್ತು.

"ಈ ಸಲಾನೂ ಏನೂ ಅನ್ಲಿಲ್ವಾ?" ಇರೀನಿ ಸೌಟು ಕೆಳಗಿಟ್ಟಳು. "ಸತ್ತೋರು ಏಳ್ತಾರೆ ಅಂತ ಗಂಟಲು ಹರ್ಕೊಂಡು ಹಾಡಿ ಬಂದ್ರಿ. ಒಬ್ಬ ಎದ್ದು ಬಂದ್ರೆ ಹೀಗೆ ಓಡೋದಾ? ಅದೂ ಒಡಹುಟ್ಟಿದೋನು! ನಿಮಗೆ ಅದ್ರಲ್ಲಿ ನಂಬಿಕೆ ಇತ್ತೋ, ಬರೀ ರಾಗದ ಮೇಲೆ ಆಸೆ ಇತ್ತೋ?"

ಅವಳು ಜೋರಾಗಿ ಹೇಳಲಿಲ್ಲ, ಮಕ್ಕಳು ಪಕ್ಕದಲ್ಲೇ ಇದ್ದರು. ಆದರೂ ಫಾನೂಸನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ದೆವ್ವಕ್ಕಿಂತ ತನ್ನನ್ನು ಕಂಡರೇ ಅವನಿಗೆ ಹೇಸಿಗೆಯಾಯಿತು. ಊಟಕ್ಕೆ ಕೂರಲಿಲ್ಲ. ಲಾಟೀನು ಹಿಡಿದು, ಒಂಟಿ ಚಪ್ಪಲಿಯಲ್ಲೇ ವಾಪಸು ಹೋದ.

ಬಾವಿಯ ಹತ್ತಿರ ಯಾರೂ ಇಲ್ಲ. ಬಿಟ್ಟುಹೋದ ಚಪ್ಪಲಿಯೂ ಇಲ್ಲ. "ನಿಜವಾಗಿಯೂ ಎದ್ದ... ವಹೀಬ್, ನಿಜವಾಗಿಯೂ ಎದ್ದ ಕಣೋ" ಅಂದ. ಬಾವಿಯೊಳಗಿಂದ ಅವನ ದನಿಯೇ ಅವನಿಗೆ ತಿರುಗಿ ಬಂತು. ಬೇರೆ ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಅಲ್ಲಿಂದ ಅವನ ಕಾಲು ತಮ್ಮನ ಮನೆ ಕಡೆ ತಿರುಗಿತು. ಸಾವಾದ ಮನೆ. ಹಬ್ಬದ ರೊಟ್ಟಿ ಸುಟ್ಟಿರಲಿಲ್ಲ, ಒಂದು ದೀಪವೂ ಹೊರಗೆ ಕಾಣುತ್ತಿರಲಿಲ್ಲ. ಬಾಗಿಲು ತಟ್ಟಿದ.

"ಯಾರು?" ವಹೀಬನ ಹೆಂಡತಿ ದಿಮ್ಯಾನಾ, ಒಳಗಿನಿಂದ.

ಮುಚ್ಚಿದ ಬಾಗಿಲು, ಹೊರಗೆ ಕತ್ತಲಲ್ಲಿ ಅವನು. ರಾಗ ಗೀಗ ಏನೂ ಬರಲಿಲ್ಲ. ದನಿ ಒಡೆದುಹೋಯಿತು. "ದಿಮ್ಯಾನಾ... ಕ್ರಿಸ್ತ ಎದ್ದ."

ಒಳಗೆ ಸದ್ದಿಲ್ಲ.

ಅವನು ಕಾದ. ಉತ್ತರ ಬಾರದೆ ನಿಲ್ಲುವುದು ಎಂಥದ್ದು ಅಂತ ಆಗ ಗೊತ್ತಾಯಿತಂತೆ. ತಮ್ಮನೂ ಅಷ್ಟು ಜನರ ಮುಂದೆ ಮೊಟ್ಟೆ ಹಿಡಿದುಕೊಂಡು ಹೀಗೇ ನಿಂತಿದ್ದ. ಫಾನೂಸ್ ಬಾಗಿಲಿಗೆ ಹಣೆ ಆನಿಸಿ ಅತ್ತುಬಿಟ್ಟ.

ಕಡಕ್. ಅಗುಳಿ ಸರಿಯಿತು.

"ನಿಜವಾಗಿಯೂ ಎದ್ದ, ಭಾವ," ಅಂದಳು. ಕಣ್ಣು ಕೆಂಪಗಿತ್ತು. "ಅವರಿಗೆ ಇದನ್ನ ಹೇಳೋಕೆ ನಿಮಗೆ ಆಗ್ಲಿಲ್ಲ, ಅಲ್ವಾ? ಸಾಯೋ ದಿನಾನೂ ಬಾಗಿಲ ಕಡೆ ನೋಡ್ತಿದ್ರು."

ಅವನು ತಲೆ ತಗ್ಗಿಸಿದ. ತಗ್ಗಿಸಿದ್ದಕ್ಕೇ ಕಂಡದ್ದು. ಲಾಟೀನಿನ ಬೆಳಕಲ್ಲಿ, ಹೊಸ್ತಿಲ ಪಕ್ಕ, ಅವನ ಇನ್ನೊಂದು ಚಪ್ಪಲಿ. ಅದರಿಂದ ಒಂದು ಗೇಣು ಆಚೆ, ಕಲ್ಲಿನ ಮೇಲೆ, ಕೆಂಪು ಮೊಟ್ಟೆ.

"ಇದು ನೀನು ಮಾಡಿದ್ದಾ?"

"ನಮ್ಮನೇಲಿ ಎರಡು ದಿನದಿಂದ ಒಲೇನೇ ಹಚ್ಚಿಲ್ಲ, ಭಾವ."

ಈ ವರ್ಷ ಫಾನೂಸ್ ಬಾಗಿಲ ಹಾಡು ಬೇಡ ಅಂದ. ಅಬೂನಾ ಕಾರಣ ಕೇಳಲಿಲ್ಲ. ಈಗ ಯಾರು ಹಬ್ಬದ ಮಾತು ಹೇಳಿದರೂ ಅವನು ಎರಡು ಸಲ ಉತ್ತರ ಕೊಡುತ್ತಾನೆ. ಹುಡುಗರು ಅದನ್ನು ಅಣಕಿಸುತ್ತಾರೆ.

ನಂಬುವುದಿಲ್ಲವೇ? ಬಿಡಿ. ಆಣೆ ಇಡಬಾರದು ಅನ್ನುತ್ತಾರೆ ಅಬೂನಾ, ಆದರೂ ಇಡುತ್ತೇನೆ. ಅವತ್ತು ಬೆಳಗಾದ ಮೇಲೆ ಫಾನೂಸ್ ನನ್ನನ್ನು ಕರೆಸಿ, ಆ ಮೊಟ್ಟೆಯನ್ನು ನನ್ನ ಈ ಕೈಯಲ್ಲೇ ಇಟ್ಟ. ಬಿಸಿಲು ಇನ್ನೂ ಅಂಗಳಕ್ಕೆ ಬಂದಿರಲಿಲ್ಲ.

ಮೊಟ್ಟೆ ಬೆಚ್ಚಗಿತ್ತು.