ಏಳನೇ ಮೆಟ್ಟಿಲ ಮೇಲೆ ನಿಂತವಳು

"ಹಲೋ... ಹಲೋ, ಯಾರಮ್ಮಾ ಮಾತಾಡ್ತಿರೋದು? ... ಪುಟ್ಟೀನಾ? ಅಯ್ಯೋ ನಿನ್ನ, ಎದೆ ಧಸಕ್ ಅಂತು ಕಣೇ. ಗಂಟೆ ಎಷ್ಟು ಈಗ?"

ಮಾವ ದಿಂಬಿನ ಪಕ್ಕ ಕನ್ನಡಕಕ್ಕೆ ತಡಕಾಡಿದರು. ಕಿವಿಗೆ ಹಿಡಿದ ಫೋನಿಗೆ ಕನ್ನಡಕವೇಕೆ ಎಂದು ಕೇಳಬಾರದು. ಆಯಸ್ಸೆಲ್ಲ ಸಿನಿಮಾಗಳಿಗೆ ಸ್ಟಿಲ್ ಫೋಟೋ ತೆಗೆದವರು, ಕಣ್ಣಿಗೆ ಕಾಣದ್ದನ್ನು ನಂಬುವ ಪೈಕಿಯೇ ಅಲ್ಲ. ತಾಯಿಯಿಲ್ಲದ ಈ ತಂಗಿಯ ಮಗಳನ್ನು ಸಾಕಿ, ಕೈಗೆ ಕ್ಯಾಮೆರಾ ಕೊಟ್ಟವರೂ ಅವರೇ.

"ಎಲ್ಲಿದ್ದೀಯ? ... ಹಾಂ? ... ಯಾವ ಬಂಗಲೆ?"

"... ಆ ದೆವ್ವದ ಸಿನಿಮಾ ತೆಗೆದ ಬಂಗಲೆಗೆ ಕಾಲಿಡಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ? ಕಾರ್ಖಾನೆ ಫೋಟೋ ತೆಗೆಯೋಕೆ ಹೋಗ್ತೀನಿ ಅಂದೋಳು ನೀನು. ನನಗೇ ಟೋಪಿ ಹಾಕ್ತೀಯಾ? ... ಸರಿ, ಸರಿ, ಅಳಬೇಡ. ಏನಾಯ್ತು ಹೇಳು."

"... ಮೆಟ್ಟಿಲ ಮೇಲಾ? ಫೋಟೋದಲ್ಲಾ, ಕಣ್ಣೆದುರಾ? ... ಫೋಟೋದಲ್ಲಿ ಮಾತ್ರ. ಯಾರೋ ಕಾವಲುಗಾರ ಅಡ್ಡ ಬಂದಿರ್ತಾನೆ ಬಿಡೇ."

"... ಗೊತ್ತು ಗೊತ್ತು. ನಾನೇ ಹೇಳಿಕೊಟ್ಟಿದ್ದು, ನನಗೇ ಪಾಠ ಮಾಡ್ಬೇಡ. ಎಂಟು ನಿಮಿಷ ಲೆನ್ಸ್ ತೆರೆದಿಟ್ರೆ ಓಡಾಡೋರು ಫೋಟೋದಲ್ಲಿ ಬೀಳಲ್ಲ, ಅಲ್ಲಾಡದೆ ನಿಂತೋರು ಮಾತ್ರ ಬೀಳ್ತಾರೆ. ... ಎಷ್ಟನೇ ಮೆಟ್ಟಿಲು? ... ಏಳು. ಕೈ? ಕೈ ಎಲ್ಲಿಟ್ಟಿದ್ದಾಳೆ? ... ಕಂಬಿ ಮೇಲೆ. ಎಡಗೈ, ಅಲ್ವಾ? ... ಹೂಂ. ಎಡಗೈ."

ಮಾವ ಮೂವತ್ತೆಂಟು ವರ್ಷದಿಂದ ನುಂಗಿಕೊಂಡಿದ್ದ ಮಾತೊಂದಿತ್ತು. ಹೇಳಿದರೆ ಈ ಮಗು ತನ್ನನ್ನು ಇನ್ನೊಮ್ಮೆ ಮಾವ ಎಂದು ಕರೆಯಲಿಕ್ಕಿಲ್ಲ. ಈ ಮನೆಗೆ ಬರುವವಳು ಅವಳೊಬ್ಬಳೇ.

"ಪುಟ್ಟೀ, ಫೋನ್ ಇಡಬೇಡ, ಕೇಳು. ನಿಮ್ಮಮ್ಮ ಜಾರಿ ಬಿದ್ದು ಸತ್ತಿದ್ದಲ್ಲ. ... ಹೂಂ, ಸುಳ್ಳು. ನಾನು ಹೇಳಿದ ಸುಳ್ಳು."

"... ಹೇಳ್ತೀನಿ, ತಡಿ. ಪೋಸ್ಟರಿಗೆ ದೆವ್ವದ ಫೋಟೋ ಬೇಕಿತ್ತು. ಹೀರೋಯಿನ್ನು ಚಳಿ ಅಂತ ಹೊರಟೇಹೋದ್ಳು. ಶೂಟಿಂಗ್ ನೋಡೋಕೆ ಬಂದಿದ್ದ ನಿಮ್ಮಮ್ಮನಿಗೇ ಬಿಳಿ ಬಟ್ಟೆ ಹಾಕ್ಸಿ ಆ ಏಳನೇ ಮೆಟ್ಟಿಲ ಮೇಲೆ ನಿಲ್ಲಿಸ್ದೆ. ನಾಲ್ಕು ನಿಮಿಷ, ನಾನು ಸಾಕು ಅನ್ನೋವರೆಗೆ ಅಲ್ಲಾಡಬೇಡ ಅಂದೆ. ಮಧ್ಯದಲ್ಲಿ ಮೇಲಿನ ತೊಲೆ ಕಿರ್ರ್ ಅಂತು. ಲೈಟಿನವರೆಲ್ಲ ಹೊರಗೆ ಓಡಿದ್ರು. ಅವಳು ತುಟಿ ಕೂಡ ಅಲ್ಲಾಡಿಸದೆ ಕೇಳಿದ್ಳು, ಅಣ್ಣಾ, ಬರ್ಲಾ ಅಂತ."

"... ನಾನೇನಂದೆ ಅಂತಾನಾ? ... ಇರು, ಇನ್ನರ್ಧ ನಿಮಿಷ ಅಂದೆ ಕಣೇ."

ಮಾವ ಅಂಗಿಯ ತುದಿಯಿಂದ ಮುಖ ಒರೆಸಿಕೊಂಡರು. ಅಳು ಬರುತ್ತಿದೆಯೆಂದು ಅವರಿಗೇ ಗೊತ್ತಿರಲಿಲ್ಲ.

"ಬೈಯೇ. ಸುಮ್ನಿರಬೇಡ, ಬೈಯಿ. ... ಹೂಂ, ಬಂತು. ಫೋಟೋ ಚೆನ್ನಾಗೇ ಬಂತು. ಅವಳ ಮುಖ ಒಂಚೂರೂ ಅಲುಗಿಲ್ಲ. ತೊಲೆ ಅವಳ ಮೇಲೆ ಬಿದ್ದದ್ದು ಮಾತ್ರ ಅದರಲ್ಲಿ ಕಾಣಲ್ಲ. ಅಷ್ಟು ಬೇಗ ಆಗಿಹೋದದ್ದು ಫೋಟೋಗೆ ಸಿಗಲ್ಲ."

"... ಮೂರು ತೆಗೆದೆಯಾ? ಮೂರರಲ್ಲೂ ಇದ್ದಾಳಾ? ... ಅದೇ ಮೆಟ್ಟಿಲು. ಅಯ್ಯೋ ದೇವರೇ. ನಾನು ಸಾಕು ಅಂತ ಹೇಳೇ ಇಲ್ಲ ಅವಳಿಗೆ."

"ನಾಳೆಯಿಂದ ನನ್ನ ಮುಖ ನೋಡಬೇಡ ಬೇಕಾದ್ರೆ. ಈಗ ಒಂದು ಉಪಕಾರ ಮಾಡು. ಸ್ಪೀಕರ್ ಹಾಕಿ ಫೋನನ್ನ ಮೆಟ್ಟಿಲ ಕಡೆ ಹಿಡಿ. ... ಹಿಡಿದಿದ್ದೀಯಾ?"

ಮಾವ ಮಂಚದಿಂದ ಇಳಿದು ನೆಟ್ಟಗೆ ನಿಂತರು.

"ತಂಗೀ... ನಾನಮ್ಮ, ಅಣ್ಣ. ಫೋಟೋ ಆಯ್ತು. ಸಾಕು. ಇಳಿದು ಬಾ."

"... ಪುಟ್ಟೀ? ಅದೇನು ಸದ್ದು? ... ಯಾರೋ ಇಳೀತಿದ್ದಾರಲ್ವಾ? ನೀನಾ? ... ನೀನಲ್ವಾ? ... ಓಡಬೇಡ ಕಣೇ, ನಿಮ್ಮಮ್ಮ ಅದು, ಹೆದರಬೇಡ. ಬಿಟ್ಟುಹೋದಾಗ ನಿನಗೆ ಎರಡೇ ವರ್ಷ, ಅವಳಿಗೆ ಗುರುತು ಸಿಗಲ್ಲ. ನೀನು ಯಾರು ಅಂತ ನೀನೇ ಹೇಳು. ಹೇಳೇ, ಅಮ್ಮಾ ಅನ್ನು... ಪುಟ್ಟೀ? ... ಹಲೋ? ... ಹಲೋ..."