ಗೋಪುರದ ಮೇಲಿಂದ ಕಾಣದ ಕಡಲು

ಇಟಲಿಯ ಬೊಲೋನ್ಯಾದ ಬಸ್ ನಿಲ್ದಾಣದಲ್ಲಿ ಮುದುಕ ತಾರ್ಚೀಸಿಯೊ ತನ್ನ ಪಾಡಿಗೆ ತಾನು ನಿಂತಿದ್ದ. ಆದರೆ ಪಕ್ಕದಲ್ಲಿದ್ದ ದಕ್ಷಿಣದ ಹೆಂಗಸರಿಬ್ಬರ ದನಿ ಕಿವಿ ಮುಚ್ಚಿದರೂ ಕೇಳುವಂಥದ್ದು. ಹುಡುಗಿ ವಿಶ್ವವಿದ್ಯಾಲಯಕ್ಕೆ ಹೊಸಬಳು. ಅವಳನ್ನು ಸೇರಿಸಲು ಬಂದಿದ್ದ ಚಿಕ್ಕಮ್ಮ ಕಡಲ ದಂಡೆಯ ತಮ್ಮೂರಿಗೆ ಹೊರಟಿದ್ದಳು. ಹುಡುಗಿ ಚಿಕ್ಕಮ್ಮನ ಸೂಟ್‌ಕೇಸಿನ ಮೇಲೆ ಕೂತು ಒಂದೇ ಸಮ ಕಾಲು ಕುಣಿಸುತ್ತಿದ್ದಳು.

"ಈ ಊರಲ್ಲಿ ಆಕಾಶಾನೇ ಇಲ್ಲ ಚಿಕ್ಕಮ್ಮ. ಕಾಲುದಾರಿಗೆಲ್ಲ ಸೂರು ಹಾಕಿದಾರೆ, ಎಲ್ಲಿ ಹೋದ್ರೂ ತಲೆ ಮೇಲೆ ಕಮಾನು. ಮಳೇಲಿ ನೆನೆಯೋಣ ಅಂದ್ರೂ ಆಗಲ್ಲ."

"ಒಂದು ವಾರಕ್ಕೇ ಇಷ್ಟು ರಾಗ ಎಳೀಬೇಡ ಓರ್ತೆನ್ಸಿಯಾ."

"ಕಡಲು ಯಾವ ಕಡೆ ಅಂತಾನೂ ಗೊತ್ತಾಗಲ್ಲ. ಅದಕ್ಕೇ ಬೆಳಿಗ್ಗೆ ದೊಡ್ಡ ಗೋಪುರ ಹತ್ತಿದೆ."

ತಾರ್ಚೀಸಿಯೊ ಸದ್ದಿಲ್ಲದೆ ಎದೆಯ ಮೇಲೆ ಶಿಲುಬೆ ಗುರುತು ಎಳೆದುಕೊಂಡ.

"ಅಯ್ಯೋ ಹಾಳಾದವಳೇ! ಓದು ಮುಗಿಯೋ ಮುಂಚೆ ಅದನ್ನ ಹತ್ತಿದ್ರೆ ಪದವಿ ಸಿಗಲ್ಲ ಅಂತ ಇಲ್ಲಿ ಬೀದಿನಾಯಿಗೂ ಗೊತ್ತು!"

"ನಂಗೂ ಗೊತ್ತಿತ್ತು. ಸಿಗದಿದ್ರೆ ಬೇಡ. ನಿನ್ನ ಜೊತೆ ನಾನೂ ಊರಿಗೆ ಬಂದುಬಿಡ್ತೀನಿ."

ಚಿಕ್ಕಮ್ಮ ಇನ್ನಷ್ಟು ಬೈಯುತ್ತಾಳೆಂದು ತಾರ್ಚೀಸಿಯೊ ಕಾದ. ಅವಳು ಬೈಯಲಿಲ್ಲ.

"ಕಡಲು ಕಾಣಿಸ್ತಾ?"

"ಇಲ್ಲ. ಬರೀ ಕೆಂಪು ಹೆಂಚು."

"ಹೂಂ. ಎಷ್ಟು ಬಗ್ಗಿ ನೋಡಿದ್ರೂ ಅಷ್ಟೇ."

"ನಿಂಗೆ ಹೇಗೆ ಗೊತ್ತು?"

ಅಷ್ಟರಲ್ಲಿ ಬಸ್ಸು ಬಂತು. ಚಿಕ್ಕಮ್ಮ ಹುಡುಗಿಯನ್ನು ಎಬ್ಬಿಸಿ, ಸೂಟ್‌ಕೇಸು ಎತ್ತಿಕೊಂಡು ಮೆಟ್ಟಿಲೇರಿದಳು. ಹಿಂದೆಯೇ ಹತ್ತಲು ಬಂದ ಹುಡುಗಿಯ ಎದೆಗೆ ಅಂಗೈ ಒತ್ತಿ ತಡೆದಳು.

"ನಾನೂ ಇಲ್ಲಿ ಓದೋಕೆ ಬಂದವಳೇ, ಗೋಪುರ ಇಳಿದವಳು ನೆಟ್ಟಗೆ ಊರಿನ ರೈಲು ಹತ್ತಿದ್ದೆ ಕಣೇ. ಅವತ್ತಿಂದ ದಿನಾ ಬರೀ ಕಡಲು ನೋಡ್ತಾನೇ ಇದೀನಿ."