ಹೆಸರಿಲ್ಲದ ನಂಬರ

ಬಾಗಲಾ ಸ್ವಲ್ಪ ಮುಂದ ಮಾಡ್ರಿ... ಹಾಂ. ನಗಬ್ಯಾಡ್ರಿ ಮತ್ತ, ಮೊದಲಽ ಹೇಳೇನಿ. ಇದು ನಮ್ಮ ಕಾಕಾನ ಮಗ ಧರಣೇಂದ್ರಗ ಆಗಿದ್ದು. ಹೋದ ವರ್ಷ, ಇಚಲಕರಂಜ್ಯಾಗ.

ರಾತ್ರಿ ಎಂಟೂವರಿ. ಮಗ್ಗದ ಶೆಡ್ಡಿನ್ಯಾಗ ತನ್ನ ಕಂಪ್ಯೂಟರ ಕೆಲಸಾ ಮುಗಿಸಿ ಅಂವಾ ನಡಕೋತ ಮನಿಗೆ ಹೊಂಟಿದ್ದ. ದಾರ್ಯಾಗ ಒಂದು ಹಳೇ ಬಾವಿ, ಅದರ ಮ್ಯಾಲ ಬಾಗಿದ ಆಲದ ಗಿಡ. ಹಣ್ಣ ನೀರಿಗೆ ಬೀಳೂ ಸಪ್ಪಳ... ಗುಳುಂ. ತಡದು ಮತ್ತ... ಗುಳುಂ. ಅದಽ ತಿರುವಿನ್ಯಾಗ ಅವನ ಹೇಂತಿ ಸೋನಲ ಸ್ಕೂಟಿ ಮ್ಯಾಲಿಂದ ಬಿದ್ದು ಸತ್ತು ಎಂಟ ತಿಂಗಳಾಗಿತ್ತು.

ಬಾವಿ ಎದುರಿನ ಮನಿ ಕಟ್ಟಿ ಮ್ಯಾಲ ಬಯಾಬಾಯಿ ಅಂತ ಒಬ್ಬಾಕಿ ಮುದುಕಿ ಕುಂತಿದ್ಲು. ಸಣ್ಣ ದನ್ಯಾಗ ಕರದ್ಲು.

"ಧರಣೇಂದ್ರಾ... ಒಂದ ಮಾತ ಐತಿ. ಸೋನಲ ಹೇಳಿದ್ದು."

"ನಾಳೆ ಕೇಳ್ತೇನ್ರಿ, ಮಾವಶಿ."

ಎಂಟ ತಿಂಗಳಿಂದ್ಲೂ ಹಿಂಗಽ, ನಾಳೆ ನಾಳೆ. ಅಂವಗ ಹೆದರಿಕಿ ರೀ. ಸಾಯೂ ಹೊತ್ತಿನ್ಯಾಗ ಹೇಂತಿ ಏನ ಬೈದಾಳೋ, ಅದನ್ನ ಕೇಳಿ ಮುಂದ ಹ್ಯಾಂಗ ಬದುಕೂದು ಅಂತ.

ಯಾಕಂದ್ರ, ನಾವು ಜೈನರು, ಹೊತ್ತ ಮುಳಗೂದರಾಗ ಉಣ್ಣಬೇಕು. ಸೋನಲ ದಿನಾ ಸಂಜಿಕ ಶೆಡ್ಡಿಗೆ ಡಬ್ಬಿ ತರತಿದ್ಲು. ಆವತ್ತ ತಡಾ ಆತು. ಗಂಡ ಉಪಾಸ ಬೀಳ್ತಾನ ಅಂತ ಗಾಡಿ ಜೋರ ಹೊಡದ್ಲು, ಬಿದ್ಲು. ಆಕಿ ಫೋನ ಚೂರ ಚೂರ. ಬಯಾಬಾಯಿ ಆಕಿ ತಲಿ ತೊಡಿ ಮ್ಯಾಲ ಇಟಗೊಂಡು, ಆಕಿ ಹೇಳಿದ ನಂಬರಕ್ಕ ತನ್ನ ಫೋನಿಂದ ಹಚ್ಚಿದ್ಲು. ಇಂವಾ ನೋಡಿದ... ಬರೇ ನಂಬರ, ಹೆಸರಿಲ್ಲ. ಕಟ್ ಮಾಡಿದ. ಮೂರ ಸಲ ಹಚ್ಚಿದ್ಲು, ಮೂರೂ ಸಲ ಕಟ್. ಅಂವಾ ಹೆಸರಿಲ್ಲದ ನಂಬರ ಎತ್ತಂಗಿಲ್ಲ ಅಂದ್ರ ಎತ್ತಂಗಿಲ್ಲ. ಯಾರೋ ಶೆಡ್ಡಿಗೆ ಬಂದು ಸುದ್ದಿ ಹೇಳಿ, ಅಂವಾ ಓಡಿ ಬಂದು ಮುಟ್ಟೂದರಾಗ ಎಲ್ಲಾ ಮುಗದಿತ್ತು.

ಆವತ್ತ ಏನ ಬರ್ಯಾಕತ್ತಿದ್ದ ಕೇಳ್ರಿ. ಸಿ ಭಾಷಾದಾಗ ಒಂದ ಪ್ರೋಗ್ರಾಮ್. ಶೆಡ್ಡಿನ ಪ್ರತಿ ಮಗ್ಗಕ್ಕ ಒಂದ ಸಣ್ಣ ಡಬ್ಬ ಕೂಡಿಸಿದ್ರು. ಎಳಿ ಹರದ್ರ ಅದು ವಾಯರ ಮ್ಯಾಲ ಆಫೀಸಿನ ಕಂಪ್ಯೂಟರಿಗೆ ಸುದ್ದಿ ಕಳಸತೈತಿ. ಆದ್ರ ಸುದ್ದಿ ಬರೂದು ನಂಬರ ರೂಪದಾಗ. ಮಗ್ಗದ್ದೊಂದು, ಕೆಲಸದ್ದೊಂದು. ಶೆಡ್ಡಿನ್ಯಾಗ ಅದು ಯಾರಿಗೆ ತಿಳೀಬೇಕು? ಅದಕ್ಕ ಪ್ರೋಗ್ರಾಮಿನ್ಯಾಗ ಗೆಟ್‌ನೇಮ್‌ಇನ್ಫೋ ಅಂತ ಒಂದ ಫಂಕ್ಷನ್, ಒಬ್ಬ ಕೆಲಸಗಾರ ಇದ್ದಂಗ ಅನ್ರಿ. ಅವನ ಕೈಯಾಗ ನಂಬರ ಕೊಟ್ರ, ಯಾದಿ ಹುಡುಕಿ ಎರಡ ಹೆಸರ ಹೇಳತಾನ. 'ಸಂಭಾಜಿ, ಎಳಿ ಹರದೈತಿ.' ನಮ್ಮ ಕಡೆ ಮಗ್ಗಕ್ಕ ಅದನ್ನ ಓಡಸವರ ಹೆಸರಽ ನೋಡ್ರಿ.

ಯಾದ್ಯಾಗ ಹೆಸರಽ ಇರಲಿಲ್ಲಂದ್ರ ಆ ಕೆಲಸಗಾರ ಬರೇ ನಂಬರ ತಿರುಗಿ ಕೊಡತಾನ. ಅದೂ ಬ್ಯಾಡಂದ್ರ ಒಂದ ಗುರುತ ಹಚ್ಚಬೇಕು... 'ಹೆಸರ ಬೇಕಽ ಬೇಕು' ಅಂತ. ಧರಣೇಂದ್ರ ಅದನ್ನಽ ಹಚ್ಚಿದ್ದ. ಹೆಸರಿಲ್ಲದವ ಬಂದ್ರ ತಟ್ಟನ ಕಡದ ಬಿಡೂದು. ಅವನ ಸ್ವಭಾವನಽ ಹಂಗ, ಏನ ಮಾಡೂದು!

ಆ ರಾತ್ರಿ ಬಾವಿ ದಾಟಿ ಬಂದ ಮರದಿನಾ ಅಂವಾ ಎಂಟ ತಿಂಗಳಾಗ ಮೊದಲನೇ ಸಲ ಲಾಗ್ ತಗದ. ಯಾರ ಬಂದ್ರು, ಯಾರ ಹೋದ್ರು ಅಂತ ಕಂಪ್ಯೂಟರ ತಾನಽ ಬರದಿಡೂ ಕಡತ ಅದು. ನೋಡತಾನ... ದಿನಾ ಸಂಜಿಕ ಮೂರ ಸಾಲು, ಮೂರರಾಗೂ ಒಂದಽ ನಂಬರ. 'ಹೆಸರಿಲ್ಲ, ಕಡದೇನಿ. ಹೆಸರಿಲ್ಲ, ಕಡದೇನಿ. ಹೆಸರಿಲ್ಲ, ಕಡದೇನಿ.' ಎಂಟ ತಿಂಗಳು, ಒಂದ ದಿನಾ ತಪ್ಪಿಲ್ಲ. ಶೆಡ್ಡಿನ ಯಾವ ಡಬ್ಬಕ್ಕೂ ಆ ನಂಬರ ಇಲ್ಲ!

ಕಂಪ್ಯೂಟರ ಹಂಗಽ ಬಿಟ್ಟು ಎದ್ದ ರೀ. ಸೀದಾ ಬಯಾಬಾಯಿ ಕಟ್ಟಿಗೆ ಹೋಗಿ ನಿಂತ.

"ಮಾವಶಿ... ಏನಂದಳ್ರಿ ಆಕಿ?"

ಮುದುಕಿ ಅವನ ಕೈ ಹಿಡದ್ಲು. "'ಹೊತ್ತ ಮುಳಗತೈತಿ, ನನ್ನ ಹಾದಿ ನೋಡಬ್ಯಾಡ, ಏನರ ತಿನ್ನು ಅಂತ ಹೇಳ್ರಿ' ಅಂದಳಪಾ. ಮೂರೂ ಸಲ ಅದಽ."

ಅಂವಾ ಕಟ್ಟಿ ಮ್ಯಾಲ ಕುಸದು ಕುಂತ. ಆಕಿ ಹೋದಾಗಿಂದ ಸಂಜಿ ಊಟಾನಽ ಬಿಟ್ಟಿದ್ದ ರೀ ಅಂವಾ. ಆವತ್ತ ಸಣ್ಣ ಕೂಸಿನಂಗ ಅತ್ತ.

ಮರದಿನಾ ಶೆಡ್ಡಿಗೆ ವಾರದ ಸುಟ್ಟಿ. ಮಗ್ಗ ಬಂದ್, ಕರೆಂಟ ಬಂದ್. ಕಂಪ್ಯೂಟರ ಬರೇ ಬ್ಯಾಟರಿ ಮ್ಯಾಲ, ಜುಂಯ್ ಅಂತ. ಧರಣೇಂದ್ರ 'ಹೆಸರ ಬೇಕಽ ಬೇಕು' ಅನ್ನೂ ಆ ಗುರುತ ತಗದ ಹಾಕಿದ. ತಾನಽ ಬಡದ ಎರಡ ರೊಟ್ಟಿ, ಶೇಂಗಾ ಚಟ್ನಿ ಮುಂದ ಇಟಗೊಂಡು ಕುಂತ.

ಬಿಸಲ ಕಿಡಕಿ ಬಿಡಾಕತ್ತಿತ್ತು. ಗ್ವಾಡಿ ಮ್ಯಾಲ, ಎಲ್ಲಾ ಮಗ್ಗದ ವಾಯರ ಬಂದು ತೂತಿನ್ಯಾಗ ಸೇರೂ ಪೆಟಗ್ಯಾಗ... ಟಕ್. ಒಂದ ತೂತಿನ ಮ್ಯಾಲ ಹಸರ ದೀಪ ಹತ್ತಿತು. ಪಡದೆ ಮ್ಯಾಲ ಹೆಸರಿನ ಜಾಗಾದಾಗ ಬರೇ ನಂಬರ.

ಈ ಸಲ ಅಂವಾ ಕಡೀಲಿಲ್ಲ.

"ಸೋನಲ..." ಅಂದ. "ತಪ್ಪಾತು. ಎತ್ತಬೇಕಾಗಿತ್ತು."

ದೀಪ ಹಂಗಽ ಉರೀತಿತ್ತು. ಅಂವಾ ರೊಟ್ಟಿ ಮುರದ. ಕಣ್ಣೀರ ನಿಲ್ಲವಲ್ದು. ಆದರೂ ತಿಂದ. ಎರಡೂ ರೊಟ್ಟಿ. ಕಡೇ ತುಂಡ ನುಂಗಿ, ನೀರ ಕುಡದ, ಗಂಗಾಳ ಸರಿಸಿದ.

"ಊಟ ಆತ ನೋಡು..."

ಟಕ್.

ಲಾಗ್ ನಾ ಕಣ್ಣಾರೆ ನೋಡೇನ್ರಿ. ಹತ್ತೊಂಬತ್ತ ಮಿನಿಟ ಕನೆಕ್ಷನ್ ಇತ್ತು. ಆ ಕಡೆದವರು ಬಂದ್ ಮಾಡ್ಯಾರ ಅಂತ ಬರದೈತಿ. ಮುಂದ ಆ ನಂಬರ ಎಂದೂ ಬಂದಿಲ್ಲ. ನೀವು ನಂಬ್ರಿ, ಬಿಡ್ರಿ... ದೀಪ ಹತ್ತಿತ್ತಲ್ಲ, ಆ ತೂತಿಗೆ ವಾಯರಽ ಇರಲಿಲ್ರಿ.